ಸೇರುವುದು ಸುಲಭ, ಮುಗಿಸುವುದು ಕಷ್ಟ: ಅಮೆರಿಕದ ಕಮ್ಯುನಿಟಿ ಕಾಲೇಜುಗಳು ಕಲಿತ ಪಾಠ

2007ರಲ್ಲಿ ನ್ಯೂಯಾರ್ಕ್ ನಗರದ ಆರು ಕಾಲೇಜುಗಳಲ್ಲಿ ಒಂದು ಹೊಸ ಯೋಜನೆ ಶುರುವಾಯಿತು. ಅದಕ್ಕೆ ಸೇರಿದ ಹುಡುಗ ಹುಡುಗಿಯರಿಗೆ ತಿಂಗಳು ತಿಂಗಳು ಬಸ್ಸಿಗೂ ಸಬ್‌ವೇ ರೈಲಿಗೂ ಆಗುವ ಪಾಸು ಕೊಡುತ್ತಿದ್ದರು. ದುಡ್ಡು ಕೊಡುವ ಹಾಗಿಲ್ಲ. ಆದರೆ ಸುಮ್ನೆ ಕೈಗೆ ಬರುವುದೂ ಇಲ್ಲ. ತಮಗೆ ಗೊತ್ತು ಮಾಡಿರುವ ಅಡ್ವೈಸರ್ ಹತ್ತಿರ ಹೋಗಿ ಕೂತು ಮಾತಾಡಿ ಬಂದಿರಬೇಕು. ಓದು ಹೇಗೆ ನಡೀತಿದೆ, ಯಾವ ಪಾಠ ತಲೆಗೆ ಹತ್ತುತ್ತಿಲ್ಲ, ಮನೆಯಲ್ಲಿ ಏನಾದರೂ ತೊಂದರೆ ಇದೆಯಾ ಎಂದು ಅವರು ಕೇಳುತ್ತಾರೆ. ಮಾತು ಮುಗಿದ ಮೇಲೆ ಪಾಸು.

ಓದುವುದಕ್ಕೆ ಇದು ತೀರಾ ಸಣ್ಣ ಸಂಗತಿ ಅನ್ನಿಸಬಹುದು. ಆದರೆ ಅಮೆರಿಕದ ಕಾಲೇಜು ಶಿಕ್ಷಣದಲ್ಲಿ ಕಳೆದ ಇಪ್ಪತ್ತು ವರ್ಷಗಳಲ್ಲಿ ನಡೆದ ಪ್ರಯೋಗಗಳಲ್ಲಿ, ಇಷ್ಟು ಗಟ್ಟಿಯಾದ ಫಲಿತಾಂಶ ಕೊಟ್ಟದ್ದು ಬಹಳ ಕಡಿಮೆ. ಅದು ಯಾಕೆ ಕೆಲಸ ಮಾಡಿತು ಎಂದು ಅರ್ಥವಾಗಬೇಕಾದರೆ ಮೊದಲು ಈ ಕಾಲೇಜುಗಳು ಏನು, ಅಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ ಎಂದು ನೋಡಬೇಕು.

ಕಮ್ಯುನಿಟಿ ಕಾಲೇಜು ಅಂದರೆ ಎರಡು ವರ್ಷದ ಸರ್ಕಾರಿ ಕಾಲೇಜು. ಈಗಲೂ ನಡೆಯುತ್ತಿರುವ ಸರ್ಕಾರಿ ಕಮ್ಯುನಿಟಿ ಕಾಲೇಜುಗಳಲ್ಲಿ ಎಲ್ಲಕ್ಕಿಂತ ಹಳೆಯದು ಇಲಿನಾಯ್ ರಾಜ್ಯದ ಜೋಲಿಯೆಟ್ ಜೂನಿಯರ್ ಕಾಲೇಜು. 1901ರಲ್ಲಿ ಆರೇ ಆರು ವಿದ್ಯಾರ್ಥಿಗಳಿಂದ ಶುರುವಾಯಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಧ್ಯಕ್ಷ ಟ್ರೂಮನ್ ನೇಮಿಸಿದ ಆಯೋಗವೊಂದು 1947ರಲ್ಲಿ ವರದಿ ಕೊಟ್ಟು, ಊರೂರಿಗೂ ಇಂಥ ಕಾಲೇಜು ಬೇಕು ಎಂದಿತು. ‘ಕಮ್ಯುನಿಟಿ ಕಾಲೇಜು’ ಎಂಬ ಹೆಸರು ಎಲ್ಲ ಕಡೆ ಬಳಕೆಗೆ ಬಂದದ್ದು ಆ ವರದಿಯ ನಂತರ. ಈಗ ದೇಶದಲ್ಲಿ ಇಂಥವು ಸಾವಿರದಷ್ಟಿವೆ.

ಇಲ್ಲಿ ಸೇರುವುದಕ್ಕೆ ಕಟ್ ಆಫ್ ಇಲ್ಲ, ಮೆರಿಟ್ ಲಿಸ್ಟ್ ಇಲ್ಲ. ಹೈಸ್ಕೂಲ್, ಅಂದರೆ ಅಲ್ಲಿಯ ಹನ್ನೆರಡನೇ ತರಗತಿ, ಮುಗಿಸಿದ ಯಾರೇ ಬಂದರೂ ಸೀಟು ಉಂಟು. ಫೀಸು ಸರಾಸರಿ ವರ್ಷಕ್ಕೆ 4,000 ಡಾಲರ್ ಆಸುಪಾಸು. ಅಲ್ಲಿಯ ದೊಡ್ಡ ವಿಶ್ವವಿದ್ಯಾಲಯಗಳ ಫೀಸಿನ ಮುಂದೆ ಇದು ತುಂಬಾ ಕಡಿಮೆ. 60 ಕ್ರೆಡಿಟ್ ಮುಗಿಸಿದರೆ ಅಸೋಸಿಯೇಟ್ ಡಿಗ್ರಿ ಸಿಗುತ್ತದೆ. ನರ್ಸಿಂಗ್, ವೆಲ್ಡಿಂಗ್, ಅಕೌಂಟ್ಸ್ ಹೀಗೆ ನೇರ ಕೆಲಸಕ್ಕೆ ಹೋಗಬಹುದು. ಇಲ್ಲವೇ ಆ ಕ್ರೆಡಿಟ್‌ಗಳನ್ನು ಹೊತ್ತುಕೊಂಡು ದೊಡ್ಡ ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ಸೇರಬಹುದು. ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೋ, ಸನಿವೇಲ್ ಕಡೆ ಇರುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅವರಿಗೆ ಡಿ ಆಂಜಾ ಕಾಲೇಜು ಪಕ್ಕದಲ್ಲೇ ಇದೆ.

ಬಾಗಿಲು ಎಲ್ಲರಿಗೂ ತೆರೆದಿದೆ ಎಂದ ಮೇಲೆ ಒಳಗೆ ಬರುವವರೂ ಎಲ್ಲ ಥರದವರು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರು, ಬೇರೆ ದೇಶದಿಂದ ವಲಸೆ ಬಂದವರು, ಹಗಲು ಅಂಗಡಿಯಲ್ಲಿ ದುಡಿದು ಸಂಜೆ ಕ್ಲಾಸಿಗೆ ಬರುವವರು, ಸಣ್ಣ ಮಕ್ಕಳಿರುವ ತಾಯಂದಿರು. ಅರ್ಧಕ್ಕಿಂತ ಜಾಸ್ತಿ ಜನ ಪಾರ್ಟ್ ಟೈಮ್ ಓದುವವರೇ. ಸೇರುವುದೇನೋ ಸೇರುತ್ತಾರೆ. ಮುಗಿಸುವವರು ಮಾತ್ರ ಕಡಿಮೆ. ನ್ಯೂಯಾರ್ಕ್ ಯೋಜನೆಯನ್ನು ಅಳೆಯುವಾಗ, ಅದರ ಸೌಲಭ್ಯ ಸಿಗದ ಬಡ ವಿದ್ಯಾರ್ಥಿಗಳ ಒಂದು ಗುಂಪನ್ನೂ ಹೋಲಿಕೆಗಾಗಿ ಲೆಕ್ಕಕ್ಕೆ ತೆಗೆದುಕೊಂಡರು. ಎರಡು ವರ್ಷದ ಡಿಗ್ರಿಗೆ ಮೂರು ವರ್ಷ ಕೊಟ್ಟರೂ, ಆ ಗುಂಪಿನಲ್ಲಿ ಮುಗಿಸಿದವರು ನೂರಕ್ಕೆ 22 ಜನ.

ಉಳಿದ 78 ಜನ ದಡ್ಡರಾ? ಬಹಳ ಕಾಲ ಎಲ್ಲರೂ ಹೆಚ್ಚುಕಡಿಮೆ ಹಾಗೇ ಅಂದುಕೊಂಡಿದ್ದರು. ಬಾಯಿಬಿಟ್ಟು ಹೇಳದಿದ್ದರೂ ವ್ಯವಸ್ಥೆಯನ್ನು ಕಟ್ಟಿದ್ದು ಆ ನಂಬಿಕೆಯ ಮೇಲೆ. ಅದು ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ರೆಮಿಡಿಯಲ್ ಕ್ಲಾಸುಗಳಲ್ಲಿ.

ಕಾಲೇಜಿಗೆ ಬಂದ ಮೊದಲ ದಿನಗಳಲ್ಲೇ ಕಂಪ್ಯೂಟರ್ ಮುಂದೆ ಕೂರಿಸಿ ಗಣಿತ ಮತ್ತು ಇಂಗ್ಲಿಷಿನ ಒಂದು ಪರೀಕ್ಷೆ ಕೊಡುತ್ತಿದ್ದರು. ಎಷ್ಟೋ ಜನ ಅದಕ್ಕೆ ಒಂಚೂರೂ ತಯಾರಿಲ್ಲದೆ ಕೂರುತ್ತಿದ್ದರು. ಅದು ಇಷ್ಟು ಮುಖ್ಯ ಎಂದು ಅವರಿಗೆ ಗೊತ್ತೇ ಇರುತ್ತಿರಲಿಲ್ಲ. ಅಂಕ ಕಡಿಮೆ ಬಂದರೆ ರೆಮಿಡಿಯಲ್ ಕ್ಲಾಸು. ನಮ್ಮಲ್ಲಿ ಬ್ರಿಡ್ಜ್ ಕೋರ್ಸ್ ಅನ್ನುತ್ತಾರಲ್ಲ, ಸುಮಾರು ಆ ಥರ. ಆದರೆ ಇದು ಕೆಲವು ವಾರಗಳ ಮಾತಲ್ಲ. ಒಂದು ಸೆಮಿಸ್ಟರ್, ಎರಡು, ಕೆಲವರಿಗೆ ಮೂರು. ಫೀಸು ಕಟ್ಟಬೇಕು, ಡಿಗ್ರಿಗೆ ಮಾತ್ರ ಒಂದು ಕ್ರೆಡಿಟ್ಟೂ ಸೇರುವುದಿಲ್ಲ. ಅದೆಲ್ಲ ಪಾಸಾದ ಮೇಲೆ ನಿಜವಾದ ಕಾಲೇಜು ಗಣಿತ ಶುರು.

ಇಲ್ಲಿ ಒಂದು ಸರಳ ಗುಣಾಕಾರ ಇದೆ. ಬರೀ ಉದಾಹರಣೆಗೆ ಹೇಳುತ್ತೇನೆ. 100 ಜನರಿಗೆ ಮೂರು ಸೆಮಿಸ್ಟರ್ ರೆಮಿಡಿಯಲ್ ಗಣಿತ ಬಿತ್ತು ಅಂದುಕೊಳ್ಳಿ. ಪ್ರತಿ ಹಂತದಲ್ಲೂ ನೂರಕ್ಕೆ 80 ಜನ ಹೆಸರು ಬರೆಸುತ್ತಾರೆ, ಬರೆಸಿದವರಲ್ಲಿ ನೂರಕ್ಕೆ 70 ಜನ ಪಾಸಾಗುತ್ತಾರೆ. ಕೇಳಿದರೆ ಪರವಾಗಿಲ್ಲ ಅನ್ನುವ ಲೆಕ್ಕವೇ. ಮೊದಲ ಹಂತ ದಾಟುವವರು 56. ಎರಡನೆಯದು ದಾಟುವವರು 31. ಮೂರನೆಯದು ದಾಟುವವರು 18. ಆಮೇಲೆ ನಿಜವಾದ ಕಾಲೇಜು ಗಣಿತಕ್ಕೂ ಅದೇ ಲೆಕ್ಕ ಹಾಕಿದರೆ ಕೊನೆಗೆ ಉಳಿಯುವುದು 10 ಜನ. ಯಾವ ಮೇಷ್ಟ್ರೂ ಕೆಟ್ಟದಾಗಿ ಪಾಠ ಮಾಡಲಿಲ್ಲ. ಯಾವ ಕ್ಲಾಸಿನಲ್ಲೂ ಫಲಿತಾಂಶ ಹಾಳಾಗಲಿಲ್ಲ. ಆದರೂ 90 ಜನ ಹೋದರು. ನೀರು ಸೋರಿದ್ದು ಕೊಡದಿಂದಲ್ಲ, ಒಂದು ಕೊಡದಿಂದ ಇನ್ನೊಂದಕ್ಕೆ ಸುರಿಯುವಾಗ.

ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಮ್ಯುನಿಟಿ ಕಾಲೇಜುಗಳ ಬಗ್ಗೆಯೇ ಸಂಶೋಧನೆ ಮಾಡುವ ಒಂದು ಕೇಂದ್ರ ಇದೆ. ಅದನ್ನು ಕಟ್ಟಿದ ಥಾಮಸ್ ಬೈಲಿ ಮತ್ತು ಅವರ ಜೊತೆಯವರು ಅನೇಕ ರಾಜ್ಯಗಳ ದಾಖಲೆ ತೆಗೆದು ನೋಡಿದರು. ರೆಮಿಡಿಯಲ್ ಗಣಿತಕ್ಕೆ ಹಾಕಿದವರಲ್ಲಿ ಅದರ ಎಲ್ಲ ಹಂತ ಮುಗಿಸುವವರು ಸುಮಾರು ಮೂರನೇ ಒಂದು ಭಾಗ ಮಾತ್ರ ಎಂದು ಗೊತ್ತಾಯಿತು. ಇನ್ನೊಂದು ವಿಷಯ ನನಗೆ ಇದಕ್ಕಿಂತ ಜಾಸ್ತಿ ನೋವು ಕೊಟ್ಟಿತು. ಅದೇ ಕೇಂದ್ರದ ಜೂಡಿತ್ ಸ್ಕಾಟ್-ಕ್ಲೇಟನ್ ಆ ಪ್ರವೇಶ ಪರೀಕ್ಷೆಯನ್ನೇ ಪರೀಕ್ಷೆಗೆ ಹಚ್ಚಿದರು. ಎಷ್ಟೋ ಮಕ್ಕಳನ್ನು ಅದು ತಪ್ಪು ಕ್ಲಾಸಿಗೆ ಕಳಿಸುತ್ತಿತ್ತು. ನೇರವಾಗಿ ಕಾಲೇಜು ಪಾಠಕ್ಕೆ ಕೂತಿದ್ದರೆ ಚೆನ್ನಾಗಿಯೇ ಪಾಸಾಗುತ್ತಿದ್ದವರನ್ನೂ ಹಿಂದಕ್ಕೆ ತಳ್ಳುತ್ತಿತ್ತು. ಆ ಒಂದು ಪರೀಕ್ಷೆಗಿಂತ ಹೈಸ್ಕೂಲಿನ ಅಂಕಪಟ್ಟಿಯೇ ಹೆಚ್ಚು ನಂಬಿಕೆಯದು ಎಂದು ಕಂಡುಬಂತು. ಇಂಥ ಪರೀಕ್ಷೆಗಳಲ್ಲಿ ಒಂದಾದ ಕಂಪಾಸ್ ಅನ್ನು ಅದರ ಸಂಸ್ಥೆಯೇ 2016ರಲ್ಲಿ ನಿಲ್ಲಿಸಿತು.

ಹಾಗಾದರೆ ಏನು ಮಾಡಬೇಕು? ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ಕೌಂಟಿ ಕಮ್ಯುನಿಟಿ ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದ ಪೀಟರ್ ಆಡಮ್ಸ್ 2007ರಲ್ಲಿ ಒಂದು ಹೊಸ ದಾರಿ ಹಿಡಿದರು. ರೆಮಿಡಿಯಲ್‌ಗೆ ಹೋಗಬೇಕಾದ ಮಕ್ಕಳನ್ನು ನೇರವಾಗಿ ಕಾಲೇಜು ಇಂಗ್ಲಿಷ್ ಕ್ಲಾಸಿನಲ್ಲೇ ಕೂರಿಸಿದರು. ಆ ಕ್ಲಾಸು ಮುಗಿದ ಕೂಡಲೇ ಅದೇ ಮಕ್ಕಳಿಗೆ ಅದೇ ಮೇಷ್ಟ್ರಿಂದ ಇನ್ನೊಂದು ತಾಸು. ಈಗಷ್ಟೇ ಮಾಡಿದ ಪಾಠದಲ್ಲಿ ಎಲ್ಲಿ ತಿಳಿಯಲಿಲ್ಲ ಎಂದು ಅಲ್ಲೇ ಬಿಡಿಸುವುದು. ಈಜು ಬರದವರನ್ನು ದಂಡೆಯ ಮೇಲೆ ಮೂರು ಸೆಮಿಸ್ಟರ್ ಕೂರಿಸುವ ಬದಲು, ನೀರಿಗಿಳಿಸಿ ಪಕ್ಕದಲ್ಲೇ ಒಬ್ಬರು ನಿಲ್ಲುವ ಹಾಗೆ. ಇಂಥ ಜೋಡಿ ಕ್ಲಾಸಿಗೆ ಕೋ-ರಿಕ್ವಿಸಿಟ್ ಎಂಬ ಹೆಸರು ಬಂತು.

ನ್ಯೂಯಾರ್ಕಿನಲ್ಲಿ ಇದನ್ನು ಗಣಿತಕ್ಕೂ ಹಚ್ಚಿ ನೋಡಿದರು. 2013ರಲ್ಲಿ ಅಲೆಕ್ಸಾಂಡ್ರಾ ಲೋಗ್ ಮತ್ತು ಜೊತೆಯವರು, ರೆಮಿಡಿಯಲ್ ಬೀಜಗಣಿತ ಬೇಕು ಎಂದು ಪರೀಕ್ಷೆ ಹೇಳಿದ್ದ 900ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಚೀಟಿ ಎತ್ತಿದ ಹಾಗೆ ಬೇರೆ ಬೇರೆ ಗುಂಪಿಗೆ ಹಂಚಿದರು. ಒಂದು ಗುಂಪಿಗೆ ಎಂದಿನ ರೆಮಿಡಿಯಲ್ ಬೀಜಗಣಿತ. ಇನ್ನೊಂದು ಗುಂಪಿಗೆ ಮುಂದಿನ ಹಂತದ ಸಂಖ್ಯಾಶಾಸ್ತ್ರ, ಜೊತೆಗೆ ವಾರವಾರ ಸಹಾಯದ ಕ್ಲಾಸು. ಬೀಜಗಣಿತದಲ್ಲಿ ನೂರಕ್ಕೆ 39 ಜನ ಪಾಸಾದರು. ‘ಕಷ್ಟದ’ ಸಂಖ್ಯಾಶಾಸ್ತ್ರದಲ್ಲಿ 56! ಮೇಲಿನ ಪಾಠ ಕೊಟ್ಟಾಗಲೇ ಜಾಸ್ತಿ ಜನ ಪಾಸಾದರು. ಡಿಗ್ರಿಗೆ ಸೇರದ ಪಾಠವನ್ನು ಹೈಸ್ಕೂಲಿನ ನಂತರ ಮತ್ತೊಮ್ಮೆ ಕೂತು ಕೇಳುವುದರಲ್ಲಿ ಯಾರಿಗೆ ತಾನೇ ಹುರುಪು ಬರುತ್ತದೆ, ಅಲ್ವಾ? ಅದೂ ಅಲ್ಲದೆ ನರ್ಸ್ ಆಗುವವರಿಗೆ, ಸಮಾಜಸೇವೆಗೆ ಹೋಗುವವರಿಗೆ ವರ್ಗಸಮೀಕರಣಕ್ಕಿಂತ ಸರಾಸರಿ, ಸಂಭವನೀಯತೆಗಳೇ ದಿನವೂ ಬೇಕಾಗುವ ಗಣಿತ.

ಟೆನೆಸ್ಸೀ ರಾಜ್ಯ 2015ರಲ್ಲಿ ತನ್ನ ಎಲ್ಲ ಕಮ್ಯುನಿಟಿ ಕಾಲೇಜುಗಳಲ್ಲೂ ಈ ಪದ್ಧತಿ ತಂದಿತು. ಅದಕ್ಕೂ ಮೊದಲು, ಗಣಿತದಲ್ಲಿ ಹಿಂದಿದ್ದಾರೆ ಎಂದು ಗುರುತಿಸಿದ ಮಕ್ಕಳಲ್ಲಿ ಒಂದು ವರ್ಷದೊಳಗೆ ಕಾಲೇಜು ಗಣಿತ ಪಾಸಾಗುತ್ತಿದ್ದವರು ನೂರಕ್ಕೆ ಸುಮಾರು 12. ಬದಲಾದ ಮೇಲೆ ಅದು 50 ದಾಟಿತು. ಕ್ಯಾಲಿಫೋರ್ನಿಯಾ 2017ರಲ್ಲಿ ಕಾನೂನನ್ನೇ ಮಾಡಿತು. ಹೈಸ್ಕೂಲಿನ ಅಂಕ ನೋಡಿ ಕ್ಲಾಸು ಕೊಡಿ, ಕಾಲೇಜು ಮಟ್ಟದ ಗಣಿತ ಮತ್ತು ಇಂಗ್ಲಿಷನ್ನು ಒಂದು ವರ್ಷದಲ್ಲಿ ಮುಗಿಸುವ ಅವಕಾಶ ಎಲ್ಲರಿಗೂ ಇರಲಿ ಎಂದು. ಅಲ್ಲಿ ಕೆಲವು ಗಣಿತ ಮೇಷ್ಟ್ರುಗಳು ಇದನ್ನು ಒಪ್ಪಲಿಲ್ಲ. ಅಡಿಪಾಯ ಇಲ್ಲದವರನ್ನು ನೇರ ಮೇಲೆ ಹತ್ತಿಸಿದರೆ ಬೀಳುತ್ತಾರೆ ಎಂದು ಅವರ ಆತಂಕ. ಅದು ಪೂರ್ತಿ ಸುಳ್ಳಲ್ಲ. ಕಾಲೇಜು ಗಣಿತದ ಕ್ಲಾಸುಗಳಲ್ಲಿ ನಪಾಸಾಗುವವರು ಹೆಚ್ಚಾದರು. ಆದರೆ ಪಾಸಾದವರ ಒಟ್ಟು ಸಂಖ್ಯೆಯೂ ಬಹಳ ಹೆಚ್ಚಾಯಿತು. ನನ್ನ ಮಟ್ಟಿಗೆ ಈ ಬದಲಾವಣೆ ಸರಿ. ಆದರೆ ಪಕ್ಕದಲ್ಲಿ ನಿಲ್ಲುವ ಆ ಇನ್ನೊಂದು ತಾಸಿನ ಕ್ಲಾಸು ಗಟ್ಟಿಯಾಗಿರಬೇಕು. ದುಡ್ಡು ಉಳಿಸಲು ಅದನ್ನೇ ಕತ್ತರಿಸಿದರೆ ಮೇಷ್ಟ್ರುಗಳ ಆತಂಕವೇ ನಿಜವಾಗುತ್ತದೆ.

ಕೋರ್ಸು ಆರಿಸುವುದರಲ್ಲೂ ಮಕ್ಕಳು ದಾರಿ ತಪ್ಪುತ್ತಿದ್ದರು. ದರ್ಶಿನಿಯ ಬೋರ್ಡ್ ಮೇಲೆ ನೂರು ತಿಂಡಿ ಇದ್ದ ಹಾಗೆ, ಕಾಲೇಜಿನಲ್ಲಿ ನೂರಾರು ವಿಷಯ. ಯಾವುದು ತೆಗೆದುಕೊಂಡರೆ ಯಾವ ಡಿಗ್ರಿಗೆ ಆಗುತ್ತದೆ ಎಂದು ಹೇಳುವವರಿಲ್ಲ. ಬೇಕಾದದ್ದನ್ನು ಬಿಟ್ಟು ಬೇಡದ್ದನ್ನು ಓದಿ ಎಷ್ಟೋ ಜನ ದುಡ್ಡು, ಸಮಯ ಎರಡನ್ನೂ ಕಳೆದುಕೊಳ್ಳುತ್ತಿದ್ದರು. ಈಗ ಹಲವು ಕಾಲೇಜುಗಳು ಬಾಳೆ ಎಲೆ ಊಟದ ಹಾಗೆ ಮೊದಲೇ ಜೋಡಿಸಿ ಕೊಡುತ್ತವೆ. ಆರೋಗ್ಯ, ವ್ಯಾಪಾರ, ವಿಜ್ಞಾನ ಹೀಗೆ ದೊಡ್ಡ ದಾರಿಯೊಂದನ್ನು ಆರಿಸಿದರೆ ಸೆಮಿಸ್ಟರ್‌ವಾರು ಏನು ಓದಬೇಕು ಎಂಬ ಪಟ್ಟಿ ಕೈಗೆ ಬರುತ್ತದೆ. ಇದಕ್ಕೆ ಗೈಡೆಡ್ ಪಾಥ್‌ವೇಸ್ ಎನ್ನುತ್ತಾರೆ.

ಈಗ ಮತ್ತೆ ಆ ಬಸ್ ಪಾಸಿಗೆ ಬರೋಣ.

ನ್ಯೂಯಾರ್ಕ್ ನಗರದ ಸರ್ಕಾರಿ ವಿಶ್ವವಿದ್ಯಾಲಯದ ಹೆಸರು ಕ್ಯೂನಿ. ಅದರ ಯೋಜನೆಯ ಹೆಸರು ಎಸಾಪ್. ಮೇಯರ್ ಬ್ಲೂಮ್‌ಬರ್ಗ್ ಕಾಲದಲ್ಲಿ, ನಗರದ ಬಡತನ ಕಡಿಮೆ ಮಾಡುವ ಕಾರ್ಯಕ್ರಮದ ಹಣದಿಂದ ಶುರುವಾದದ್ದು. ಗುರಿ ಏನೆಂದರೆ, ಸೇರಿದವರಲ್ಲಿ ಅರ್ಧದಷ್ಟು ಜನ ಮೂರು ವರ್ಷದೊಳಗೆ ಡಿಗ್ರಿ ಮುಗಿಸಬೇಕು. ಆಗಿನ ಪರಿಸ್ಥಿತಿಯಲ್ಲಿ ಅದು ಆಗದ ಮಾತು ಎಂದೇ ಹಲವರು ಅಂದುಕೊಂಡಿದ್ದಿರಬೇಕು.

ಇದರಲ್ಲಿ ಹೊಸ ತಂತ್ರಜ್ಞಾನ ಏನೂ ಇಲ್ಲ. ಫೀಸಿಗೂ ಸರ್ಕಾರದ ಸಹಾಯಧನಕ್ಕೂ ನಡುವೆ ಏನಾದರೂ ಬಾಕಿ ಉಳಿದರೆ ಅದು ಮನ್ನಾ. ಪಠ್ಯಪುಸ್ತಕ ಉಚಿತ. ಅಮೆರಿಕದಲ್ಲಿ ಒಂದೊಂದು ಪಠ್ಯಪುಸ್ತಕಕ್ಕೆ ನೂರು ಡಾಲರಿಗೂ ಮೇಲೆ ಬೆಲೆ ಇರುವುದುಂಟು, ಪುಸ್ತಕ ಕೊಳ್ಳದೆಯೇ ಸೆಮಿಸ್ಟರ್ ದೂಡುವವರು ಇದ್ದಾರೆ. ಆಮೇಲೆ ಬಸ್ ಪಾಸು. ಕ್ಲಾಸಿಗೆ ಹೆಸರು ಬರೆಸುವಾಗ ಇವರಿಗೆ ಮೊದಲ ಸರದಿ. ಹೀಗಾಗಿ ದಿನದ ಕ್ಲಾಸುಗಳು ಒಂದರ ಹಿಂದೆ ಒಂದು ಬರುವಂತೆ ನೋಡಿಕೊಂಡು, ಉಳಿದ ಹೊತ್ತಿನಲ್ಲಿ ಕೆಲಸಕ್ಕೆ ಹೋಗಬಹುದು. ಟ್ಯೂಷನ್ ಇದೆ, ಕೆಲಸ ಹುಡುಕಲು ನೆರವಾಗುವವರು ಇದ್ದಾರೆ. ಬದಲಿಗೆ ವಿದ್ಯಾರ್ಥಿ ಫುಲ್ ಟೈಮ್ ಓದಬೇಕು, ಅಡ್ವೈಸರ್‌ನ ಭೇಟಿ ತಪ್ಪಿಸಬಾರದು. ಆಗ ರೆಮಿಡಿಯಲ್ ಇದ್ದರೆ ಅದನ್ನು ಮುಂದೂಡದೆ ಮೊದಲೇ ಮುಗಿಸಬೇಕಿತ್ತು.

ಇದೆಲ್ಲದರ ಜೀವ ಇರುವುದು ಆ ಅಡ್ವೈಸರ್‌ನಲ್ಲಿ ಎಂದು ನಾನು ನಂಬುತ್ತೇನೆ. ಅದೇ ಕಾಲೇಜುಗಳಲ್ಲಿ ಆಗ ಸಾಮಾನ್ಯವಾಗಿ ಒಬ್ಬ ಅಡ್ವೈಸರ್‌ಗೆ 600ರಿಂದ 1,500 ವಿದ್ಯಾರ್ಥಿಗಳಿದ್ದರು. ಅಷ್ಟು ಜನರಲ್ಲಿ ಹೆಸರು ನೆನಪಿಟ್ಟುಕೊಳ್ಳುವುದೂ ಆಗದ ಮಾತು. ಎಸಾಪ್‌ನಲ್ಲಿ ಆಗ ಒಬ್ಬರಿಗೆ 60ರಿಂದ 80 ಜನ. ಅಧ್ಯಯನ ಮಾಡಿದವರು ಕೇಳಿದಾಗ, ಎಸಾಪ್ ವಿದ್ಯಾರ್ಥಿಗಳು ಮೊದಲ ವರ್ಷ ಸರಾಸರಿ 38 ಸಲ ಅಡ್ವೈಸರ್‌ನನ್ನು ಕಂಡಿದ್ದೆವು ಎಂದರು. ಯೋಜನೆಯ ಹೊರಗಿದ್ದ ವಿದ್ಯಾರ್ಥಿಗಳು ಕಂಡದ್ದು 6 ಸಲ. ಈ ವ್ಯತ್ಯಾಸದ ತೂಕ ಯೋಚಿಸಿ. ಒಬ್ಬ ಹುಡುಗ ಎರಡು ವಾರ ಕ್ಲಾಸಿಗೆ ಬರಲಿಲ್ಲ ಅಂದರೆ ಅದು ಒಬ್ಬರ ಕಣ್ಣಿಗೆ ಬೀಳುತ್ತದೆ. ಯಾರೋ ಫೋನ್ ಮಾಡಿ ಎಲ್ಲಿದ್ದೀಯಾ ಎಂದು ಕೇಳುತ್ತಾರೆ. ಅಪ್ಪ ಅಮ್ಮ ಕಾಲೇಜು ಓದಿದ ಮನೆಗಳಲ್ಲಿ ಈ ಕೆಲಸ ಮನೆಯವರೇ ಮಾಡುತ್ತಾರೆ. ಯಾವ ಕಚೇರಿಗೆ ಹೋಗಬೇಕು, ಯಾವ ದಿನಾಂಕದೊಳಗೆ ಯಾವ ಫಾರಂ ತುಂಬಬೇಕು ಎಂದು ಹೇಳುವವರು ಮನೆಯಲ್ಲೇ ಇರುತ್ತಾರೆ. ಹಾಗೆ ಹೇಳುವವರು ಇಲ್ಲದ ಮಕ್ಕಳಿಗೆ ಕಾಲೇಜೇ ಒಬ್ಬರನ್ನು ಕೊಟ್ಟಿತು.

ಫಲಿತಾಂಶವನ್ನು ಅಂದಾಜಿನಲ್ಲಿ ಹೇಳಲಿಲ್ಲ. ಎಂಡಿಆರ್‌ಸಿ ಎಂಬ ಸಂಶೋಧನಾ ಸಂಸ್ಥೆ 896 ವಿದ್ಯಾರ್ಥಿಗಳನ್ನು ಲಾಟರಿ ಹಾಕಿ ಎರಡು ಗುಂಪು ಮಾಡಿತು. ಎಲ್ಲರೂ ಬಡ ಮನೆಯವರು, ಎಲ್ಲರಿಗೂ ರೆಮಿಡಿಯಲ್ ಬೇಕಿತ್ತು. ಲಾಟರಿಯಿಂದ ಹಂಚಿದ ಕಾರಣ, ಹುರುಪಿನ ಮಕ್ಕಳೇ ಎಸಾಪ್‌ಗೆ ಬಂದರು ಎಂದು ಹೇಳುವಂತಿಲ್ಲ. ಮೂರು ವರ್ಷದ ಕೊನೆಗೆ ಹೊರಗಿನವರಲ್ಲಿ ಡಿಗ್ರಿ ಪಡೆದವರು ನೂರಕ್ಕೆ 22, ಎಸಾಪ್‌ನವರಲ್ಲಿ 40. ಸುಮಾರು ಎರಡರಷ್ಟು. ಆರು ವರ್ಷ ಆದ ಮೇಲೂ ನೂರಕ್ಕೆ 10 ಜನರ ಅಂತರ ಉಳಿದಿತ್ತು. ಅಂದರೆ ಹೇಗೂ ಮುಗಿಸುವವರು ಸ್ವಲ್ಪ ಬೇಗ ಮುಗಿಸಿದರು ಅಷ್ಟೇ ಎಂದು ತಳ್ಳಿಹಾಕುವ ಹಾಗಿಲ್ಲ. ಬೇರೆಯಾಗಿದ್ದರೆ ಎಂದೂ ಮುಗಿಸದ ಎಷ್ಟೋ ಜನ ಮುಗಿಸಿದರು.

ನ್ಯೂಯಾರ್ಕಿನಲ್ಲಿ ಆದದ್ದು ಬೇರೆ ಕಡೆ ಆಗುತ್ತದಾ ಎಂಬ ಪ್ರಶ್ನೆ ಸಹಜ. ಒಹಾಯೊ ರಾಜ್ಯದ ಮೂರು ಕಾಲೇಜುಗಳು ಇದನ್ನು ಮಾಡಿ ನೋಡಿದವು. ಅಲ್ಲಿ ಎಲ್ಲರೂ ಸಬ್‌ವೇಯಲ್ಲಿ ಓಡಾಡುವವರಲ್ಲ. ಹಾಗಾಗಿ ಪಾಸಿನ ಬದಲು ಪೆಟ್ರೋಲು, ದಿನಸಿ ಕೊಳ್ಳಲು ತಿಂಗಳಿಗೆ 50 ಡಾಲರಿನ ಕಾರ್ಡ್ ಕೊಟ್ಟರು. ಷರತ್ತು ಮಾತ್ರ ಅದೇ, ಅಡ್ವೈಸರ್‌ನನ್ನು ಕಾಣಬೇಕು. ಮೂರು ವರ್ಷದ ಕೊನೆಗೆ ಡಿಗ್ರಿ ಪಡೆದವರು ಯೋಜನೆಯ ಹೊರಗಿನವರಲ್ಲಿ ನೂರಕ್ಕೆ 19, ಒಳಗಿನವರಲ್ಲಿ 35.

ಖರ್ಚಿನ ವಿಷಯದಲ್ಲಿ ಲೆಕ್ಕ ಹಾಕುವ ರೀತಿಯೇ ಬದಲಾಗಬೇಕು. ನ್ಯೂಯಾರ್ಕಿನಲ್ಲಿ ಒಬ್ಬ ವಿದ್ಯಾರ್ಥಿಗೆ ಮೂರು ವರ್ಷದಲ್ಲಿ ಆದ ಖರ್ಚು ಎಂದಿಗಿಂತ ನೂರಕ್ಕೆ 60ರಷ್ಟು ಜಾಸ್ತಿ. ಬಜೆಟ್ ನೋಡುವವರಿಗೆ ಎದೆ ಝಲ್ಲೆನ್ನುತ್ತದೆ. ಆದರೆ ಡಿಗ್ರಿ ಮುಗಿಸಿದ ಒಬ್ಬೊಬ್ಬರಿಗೆ ಎಷ್ಟು ಬಿತ್ತು ಎಂದು ನೋಡಿದರೆ, ಎಸಾಪ್‌ನಲ್ಲಿ ಅದು ನೂರಕ್ಕೆ ಸುಮಾರು 11 ಕಡಿಮೆ. ಹತ್ತು ಸಸಿ ನೆಟ್ಟು ನೀರು ಹಾಕದೆ ಎರಡು ಉಳಿಸಿಕೊಳ್ಳುವುದಕ್ಕಿಂತ, ನೀರಿಗೆ ಖರ್ಚು ಮಾಡಿ ನಾಲ್ಕು ಉಳಿಸಿಕೊಳ್ಳುವುದು ಅಗ್ಗ. ನಗರಕ್ಕೆ ಈ ಲೆಕ್ಕ ಅರ್ಥವಾಯಿತು. ಮೊದಲ ವರ್ಷ ಸಾವಿರದ ಚಿಲ್ಲರೆ ಇದ್ದ ವಿದ್ಯಾರ್ಥಿಗಳನ್ನು ಮುಂದೆ 25,000ದವರೆಗೆ ಒಯ್ಯಲು ಹಣ ಕೊಟ್ಟಿತು. ಹಾಗೆ ಬೆಳೆದಾಗ ಒಬ್ಬ ಅಡ್ವೈಸರ್‌ಗೆ 150 ಜನರ ತನಕ ಬಂದರು ಎಂಬುದನ್ನೂ ಹೇಳಬೇಕು.

ಫೀಸು ಒಂದನ್ನೇ ಮಾಫಿ ಮಾಡಿದರೆ ಸಾಲದಾ ಎಂದು ಕೇಳುವವರಿದ್ದಾರೆ. ಟೆನೆಸ್ಸೀ 2015ರಿಂದ ಹೈಸ್ಕೂಲ್ ಮುಗಿಸಿದವರಿಗೆ ಕಮ್ಯುನಿಟಿ ಕಾಲೇಜಿನ ಫೀಸು ಉಚಿತ ಮಾಡಿತು. ಒಳ್ಳೆಯ ಕೆಲಸ, ಸೇರುವವರು ಹೆಚ್ಚಾದರು. ಆದರೆ ಅದು ಬೇರೆ ಸಹಾಯಧನ ಎಲ್ಲ ಕಳೆದು ಉಳಿದ ಬಾಕಿಯನ್ನು ತುಂಬುವ ಯೋಜನೆ. ತೀರಾ ಬಡವರ ಫೀಸಿಗೆ ಕೇಂದ್ರ ಸರ್ಕಾರದ ಪೆಲ್ ಗ್ರಾಂಟ್ ಮೊದಲೇ ಸಾಕಾಗುತ್ತದೆ. ಅವರನ್ನು ಕಾಲೇಜು ಬಿಡಿಸುವುದು ಬಾಡಿಗೆ, ಊಟ, ಓಡಾಟ. ನಮ್ಮ ಕಡೆಯವರಿಗೂ ಇದು ಗೊತ್ತಿರುವ ಮಾತು. ಹಳ್ಳಿಯಿಂದ ತಾಲ್ಲೂಕಿಗೆ ಓದಲು ಬರುವ ಹುಡುಗಿಗೆ ಬಸ್ಸು ನಿಂತರೆ ಕಾಲೇಜೂ ನಿಂತ ಹಾಗೆ.

ಎಸಾಪ್‌ಗೆ ಒಂದು ದೊಡ್ಡ ಮಿತಿ ಇದೆ. ಅದು ಫುಲ್ ಟೈಮ್ ಓದುವವರಿಗೆ. ಕಮ್ಯುನಿಟಿ ಕಾಲೇಜಿಗೆ ಬರುವವರಲ್ಲಿ ಹೆಚ್ಚಿನವರು ಹಾಗೆ ಓದಲಾಗದವರು. ಮನೆ ನಡೆಸಬೇಕಾದ ತಾಯಿಗೆ ಫುಲ್ ಟೈಮ್ ಓದು ಅಂದರೆ ನಗು ಬರುತ್ತದೆ. ಅಂಥವರಿಗೆ ಏನು ಮಾಡಬಹುದು ಎಂದು ನೋಡಲು ಟೆಕ್ಸಸ್ ರಾಜ್ಯದ ಅಮರಿಲ್ಲೋ ಕಾಲೇಜಿಗೆ ಹೋಗಬೇಕು.

ಅಲ್ಲಿಯ ಅಧ್ಯಕ್ಷರಾಗಿದ್ದ ರಸೆಲ್ ಲವರಿ-ಹಾರ್ಟ್ ಓದು ಯಾಕೆ ಕಷ್ಟವಾಗುತ್ತಿದೆ ಎಂದು ವಿದ್ಯಾರ್ಥಿಗಳನ್ನೇ ಕೇಳಿಸಿದರು. ಪಾಠ ಕಷ್ಟ, ಗಣಿತ ಕಷ್ಟ ಎಂಬ ಉತ್ತರ ಬರಬಹುದು ಎಂದುಕೊಂಡಿದ್ದರು. ಮುಖ್ಯ ಕಾರಣಗಳಲ್ಲಿ ಒಂದೂ ಕ್ಲಾಸಿನೊಳಗಿನದಾಗಿರಲಿಲ್ಲ. ಮಗು ನೋಡಿಕೊಳ್ಳುವವರಿಲ್ಲ, ಕಾರು ಕೆಟ್ಟಿದೆ, ಕರೆಂಟು ಬಿಲ್ಲು ಕಟ್ಟಿಲ್ಲ, ಹಸಿವು. ಆಮೇಲೆ ಕಾಲೇಜು ತನ್ನ ವಿದ್ಯಾರ್ಥಿಗಳ ಅಂಕಿಅಂಶ ಎಲ್ಲ ಕೂಡಿಸಿ ತನ್ನ ಸಾಮಾನ್ಯ ವಿದ್ಯಾರ್ಥಿ ಯಾರು ಎಂದು ಒಂದು ಚಿತ್ರ ಬಿಡಿಸಿಕೊಂಡಿತು. ಎರಡು ಕಡೆ ದುಡಿಯುವ, ಮಗು ಇರುವ, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿಗೆ ಬಂದ ಹಿಸ್ಪ್ಯಾನಿಕ್ (ಸ್ಪ್ಯಾನಿಷ್ ಭಾಷೆಯ ನಾಡುಗಳ ಮೂಲದ) ಹೆಂಗಸು. ಅವಳಿಗೆ ಮರಿಯಾ ಎಂದು ಹೆಸರಿಟ್ಟರು. ಇದರಿಂದ ಮರಿಯಾಗೆ ಏನು ಅನುಕೂಲ ಎಂಬ ಪ್ರಶ್ನೆ ಎಲ್ಲ ಮೀಟಿಂಗ್‌ಗೂ ಬಂತು. ಕ್ಯಾಂಪಸ್‌ನಲ್ಲಿ ಪುಕ್ಕಟೆ ದಿನಸಿ ಸಿಗುವ ಕೋಣೆ ಬಂತು, ಸಮಾಜ ಕಾರ್ಯಕರ್ತರು ಬಂದರು, ತುರ್ತಿಗೆ ಬೇಗ ಕೈಗೆ ಸಿಗುವ ಸಣ್ಣ ನೆರವು ಬಂತು. ದೇಶದ ಅತ್ಯುತ್ತಮ ಕಮ್ಯುನಿಟಿ ಕಾಲೇಜಿಗೆ ಕೊಡುವ ಆಸ್ಪೆನ್ ಪ್ರಶಸ್ತಿಯನ್ನು ಅಮರಿಲ್ಲೋ 2023ರಲ್ಲಿ ಕ್ಯಾಲಿಫೋರ್ನಿಯಾದ ಇಂಪೀರಿಯಲ್ ವ್ಯಾಲಿ ಕಾಲೇಜಿನ ಜೊತೆ ಹಂಚಿಕೊಂಡಿತು.

ಅಮರಿಲ್ಲೋ ಮಾಡಿದ ಇನ್ನೊಂದು ಕೆಲಸ ಕ್ಯಾಲೆಂಡರನ್ನೇ ಮುರಿದದ್ದು. ಹದಿನಾರು ವಾರದ ಸೆಮಿಸ್ಟರಿನಲ್ಲಿ ನಾಲ್ಕು ವಿಷಯ ಒಟ್ಟಿಗೆ ಓದುವ ಬದಲು, ಎಂಟು ವಾರ ಎರಡು ವಿಷಯ, ಮುಂದಿನ ಎಂಟು ವಾರ ಇನ್ನೆರಡು. ಮಗುವಿಗೆ ಜ್ವರ ಬಂದು ಹತ್ತನೇ ವಾರ ಮನೆಯಲ್ಲೇ ಉಳಿಯಬೇಕಾಯಿತು ಅಂದುಕೊಳ್ಳಿ. ಹಳೆಯ ಲೆಕ್ಕದಲ್ಲಿ ಆ ತಾಯಿಯ ನಾಲ್ಕೂ ವಿಷಯ ಹೋಗುತ್ತಿದ್ದವು. ಹೊಸ ಲೆಕ್ಕದಲ್ಲಿ ಮೊದಲ ಎರಡು ವಿಷಯದ ಕ್ರೆಡಿಟ್ ಆಗಲೇ ಅವಳ ಹೆಸರಿಗೆ ಸೇರಿರುತ್ತದೆ.